ಅಕ್ಕನ ಎದೆ, ನನ್ನ ಮರಾಠಿ

ಅಕ್ಕ ಡಾಕ್ಟರ ಮುಂದೆ ಕೂತು ಹತ್ತು ಮಾತು ಹೇಳಿದಳು. ನಾನು ಅದರಲ್ಲಿ ಎರಡನ್ನು ಮಾತ್ರ ಅವರಿಗೆ ಮುಟ್ಟಿಸಿದೆ. ಆ ಎರಡರಲ್ಲೂ ಒಂದು ತಪ್ಪಾಗಿತ್ತು. ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಇಷ್ಟು ಬರೆದು ಎದ್ದುಬಿಟ್ಟಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆಯ ತನಕ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಶಾಲೆಯ ಕಟ್ಟೆ ಹತ್ತಿದವಳೇ ಅಲ್ಲ. ನಮ್ಮೂರು ವಿಜಯಪುರದ ಕಡೆ. ಮದುವೆಯಾಗಿ ಪುಣೆಗೆ ಬಂದು ಬಿಬವೇವಾಡಿಯ ಎರಡು ಖೋಲಿಯ ಮನೆ ಸೇರಿದಾಗ ನನಗೆ ಮರಾಠಿಯ ಒಂದು ಮಾತೂ ತಿಳಿಯುತ್ತಿರಲಿಲ್ಲ. ನಳದ ಸಾಲಿನಲ್ಲಿ ಜಗಳಾಡುತ್ತ, ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತ ಕಲಿತೆ. ಓದಲು ಬಾರದಿದ್ದರೂ ಆಡುವುದಕ್ಕೆ ಸರಾಗ ಬಂತು. ನೀವು ಇಲ್ಲಿಯವರೇ ಏನು ಎಂದು ಯಾರಾದರೂ ಕೇಳಿದರೆ ದಿನವಿಡೀ ಖುಷಿಯಾಗಿರುತ್ತಿದ್ದೆ.

ಅಕ್ಕನ ಗಂಡ ತೀರಿಕೊಂಡ ಮೇಲೆ ಅವಳು ನನ್ನ ಮನೆಗೆ ಬಂದಳು. ಮಕ್ಕಳಿರಲಿಲ್ಲ. ಸುಮ್ಮನೆ ಕೂಡುವ ಜಾತಿಯವಳಲ್ಲ, ಬಂದ ಮೂರನೇ ದಿನಕ್ಕೇ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದಳು. ಪಕ್ಕದ ಮನೆಯವರು ತಿಂದು ಇನ್ನಷ್ಟು ಕೇಳಿದರು. ಹಾಗೇ ಅದು ಬೆಳೆಯುತ್ತ ಹೋಗಿ ನಮ್ಮ ಉದ್ಯೋಗವಾಯಿತು. ನಮ್ಮ ಕಡೆಯಿಂದ ಬಂದು ಆಫೀಸು, ಅಂಗಡಿ ಅಂತ ನೆಲೆಸಿದ ಮನೆಗಳು, ಎರಡು ಖಾನಾವಳಿಗಳು, ಮತ್ತೆ ಯಾರದಾದರೂ ಕಾರ್ಯ ಬಂದರೆ ಕಡಕ್ ರೊಟ್ಟಿಯ ಆರ್ಡರು. ಎಸರು ಕಾಯಿಸಿ ಹಿಟ್ಟು ನಾದುವುದರಿಂದ ಹಿಡಿದು ಬಡಿಯುವ ತನಕ ಅಕ್ಕನ ಕೆಲಸ. ಹಂಚು ನೋಡುವುದು, ಫೋನು, ಗಿರಾಕಿ, ಕೊಟ್ಟು ಬರುವುದು ನನ್ನದು. ಹನ್ನೊಂದು ವರ್ಷದಲ್ಲಿ ಅಕ್ಕ ಮರಾಠಿ ಕಲಿಯಲಿಲ್ಲ. 'ನೀ ಇದ್ದೀಯಲ್ಲ, ಮತ್ಯಾಕ ನಾ ಬಾಯಿ ಸುಡ್ಸ್ಕೋಬೇಕು' ಅನ್ನುತ್ತಿದ್ದಳು.

ಅದೊಂದು ಗುರುವಾರ. ಮುಂಜಾನೆ ಹಿಟ್ಟು ನಾದುತ್ತಿದ್ದವಳು ನಡುವೆಯೇ ಕೈ ತೆಗೆದು ಗೋಡೆಗೆ ಆತು ಕೂತಳು. ಆ ವಾರ ಅವಳಿಗೆ ಸಣ್ಣ ಕೆಮ್ಮು ಇತ್ತು. ಅದೇ ಇರಬೇಕೆಂದುಕೊಂಡೆ.

'ಏನಾತು?'

'ಎದಿ ತುಂಬಿದಂಗ ಆಗ್ಯದ. ಮ್ಯಾಲ ಯಾರೋ ಕೂತಂಗ. ಕೈ ಜಗ್ಗತದ.'

'ನಡಿ, ತೋರಿಸ್ಕೊಂಡು ಬರೂಣು. ನಾಳೆ ಕಾತ್ರಜದವ್ರ ಆರ್ಡರ್ ಅದ, ಹೆಚ್ಚಾದ್ರ ಕಷ್ಟ.'

ಇದು ನನ್ನ ಬಾಯಿಂದ ಬಂದ ಮಾತು. ಯಾರೂ ಹೇಳಿಕೊಟ್ಟದ್ದಲ್ಲ. ಕಾತ್ರಜದ ಕಡೆ ಒಂದು ಮನೆಯ ವಾಸ್ತುಶಾಂತಿಗೆ ಶುಕ್ರವಾರ ಮಧ್ಯಾಹ್ನ ಇನ್ನೂರು ರೊಟ್ಟಿ ಕೊಡುವುದಿತ್ತು.

ನಮ್ಮ ಓಣಿಯ ದವಾಖಾನೆಯಲ್ಲಿ ಮುಂಜಾನೆ ಯಾವಾಗಲೂ ಗದ್ದಲ. ನಮ್ಮ ಪಾಳಿ ಬಂದಾಗ ಬೆನ್ನ ಹಿಂದೆಯೇ ಮುಂದಿನವರು ನಿಂತಿದ್ದರು. ಡಾಕ್ಟರು ಏನಾಗುತ್ತಿದೆ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿಕೊಂಡು ಶುರು ಮಾಡಿದಳು. ಎದೆ ತುಂಬಿದ ಹಾಗಿದೆ, ಬೀಸುವ ಕಲ್ಲು ಇಟ್ಟ ಹಾಗೆ ಭಾರ, ಎಡಗೈ ಭುಜದಿಂದ ಕೆಳಗೆ ಸೆಳೆಯುತ್ತದೆ, ದವಡೆಯ ತನಕ ಹತ್ತುತ್ತದೆ, ಬೆನ್ನಿನಲ್ಲಿ ಹೊಕ್ಕು ನಿಲ್ಲುತ್ತದೆ, ಮೈಯೆಲ್ಲ ತಣ್ಣಗೆ ಬೆವರುತ್ತದೆ, ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಸ್ವಲ್ಪ ಕಡಿಮೆ, ನಸುಕಿನಲ್ಲಿ ಒಮ್ಮೆ ವಾಂತಿ ಬಂದ ಹಾಗಾಗಿತ್ತು, ಈ ವಾರ ಸಣ್ಣ ಕೆಮ್ಮೂ ಇದೆ. ಅಕ್ಕ ಮಾತು ಶುರು ಮಾಡಿದರೆ ಹಾಗೆಯೇ. ಡಾಕ್ಟರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು.

'ಛಾತೀ ಭರಲೀ ಆಹೇ,' ಅಂದೆ ನಾನು. 'ಆಣಿ ಖೋಕಲಾ ಆಹೇ.' ಎದೆ ತುಂಬಿದೆ, ಮತ್ತೆ ಕೆಮ್ಮಿದೆ.

ಎದೆ ತುಂಬಿದೆ ಎಂಬ ಕನ್ನಡವನ್ನು ಒಂದೊಂದೇ ಶಬ್ದ ಎತ್ತಿ ಮರಾಠಿಯಲ್ಲಿ ಇಟ್ಟಿದ್ದೆ. ಸರಿಯಾಗಿಯೇ ಇಟ್ಟಿದ್ದೇನೆ ಎಂದುಕೊಂಡಿದ್ದೆ. ಆದರೆ ಮರಾಠಿಯವರು ಹಾಗೆಂದರೆ ಎದೆಯಲ್ಲಿ ಕಫ ಕಟ್ಟಿದೆ ಎಂದು ಅರ್ಥ. ಶೀತವಾದ ಮಕ್ಕಳಿಗೆ ಅನ್ನುವ ಮಾತು ಅದು. ನಳದ ಸಾಲಿನಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಅದು ತಿಳಿಯದೆ ಮಾಡಿದ್ದು. ಕೈಯ ಮಾತು ಹಾಗಲ್ಲ. ಹಿಂದೊಮ್ಮೆ ಅಕ್ಕನಿಗೆ ಮಣಿಕಟ್ಟು ಊದಿದಾಗ ಇದೇ ಡಾಕ್ಟರು ಎಂಟು ದಿನ ಕೈಗೆ ಕೆಲಸ ಬೇಡ ಅಂದಿದ್ದರು. ಅಕ್ಕ ಡಾಕ್ಟರು ಹೇಳಿದರೆ ದೇವರು ಹೇಳಿದ ಹಾಗೆ ನಡೆಯುವವಳು, ಎಂಟೂ ದಿನ ಹಿಟ್ಟು ಮುಟ್ಟಿರಲಿಲ್ಲ. ಈಗ ಕೈ ಸೆಳೆಯುತ್ತದೆ ಅಂದರೆ ಮತ್ತೆ ಅದನ್ನೇ ಹೇಳುತ್ತಾರೆ, ನಾಳೆಯ ಇನ್ನೂರು ರೊಟ್ಟಿ ಯಾರು ಬಡಿಯಬೇಕು? ದಿನವೂ ರೊಟ್ಟಿ ಬಡಿಯುವವಳಿಗೆ ಕೈ ನೋಯದೆ ಇನ್ನೇನು? ಇಷ್ಟನ್ನೂ ನಾನು ಡಾಕ್ಟರ ಮುಂದೆ ಕೂತು, ಅಕ್ಕ ಮಾತಾಡುತ್ತಿರುವಾಗಲೇ ಲೆಕ್ಕ ಹಾಕಿದೆ. ಕೈಯ ಮಾತನ್ನು ಬೇಕೆಂದೇ ನುಂಗಿದೆ.

ಡಾಕ್ಟರು ಬೆನ್ನಿಗೆ ನಳಿಕೆ ಇಟ್ಟು ಕೇಳಿದರು. ಜೋರಾಗಿ ಉಸಿರು ತೆಗೆದುಕೊಳ್ಳಲು ಹೇಳಿದರು. ಕಫ ಹೆಚ್ಚಿಲ್ಲ, ಇಷ್ಟು ಔಷಧಿ ಸಾಕು, ಮೂರು ದಿನದಲ್ಲಿ ಇಳಿಯದಿದ್ದರೆ ಬನ್ನಿ ಎಂದರು. ಒಂದು ಕೆಮ್ಮಿನ ಬಾಟಲಿ, ಎರಡು ಬಗೆಯ ಗುಳಿಗೆ.

ಹೊರಗೆ ಬಂದ ಮೇಲೆ ಅಕ್ಕ ನಕ್ಕಳು. 'ನಾ ಅಷ್ಟುದ್ದ ಹೇಳಿದೆ, ನೀ ಗೇಣು ಮಾತಿನಾಗ ಮುಗಿಸಿದ್ಯಲ್ಲ. ಮರಾಠಿ ಅಷ್ಟು ಸಣ್ಣ ಭಾಷಾ ಏನು?'

'ಹ್ಞೂಂ, ನಿನ್ನಂಗ ಪುರಾಣ ಹೇಳೋ ಭಾಷಾ ಅಲ್ಲದು.'

'ಕೈದು ಹೇಳಿದೀ ಇಲ್ಲೋ?'

'ಹೇಳೀನಿ. ಗುಳಿಗಿ ಕೊಟ್ಟಾರ.'

ಆ ದಿನ ಮಧ್ಯಾಹ್ನ ಅಕ್ಕ ಮಲಗಿ ಎದ್ದು ಇನ್ನೂರರಲ್ಲಿ ಅರ್ಧ ರೊಟ್ಟಿ ಬಡಿದು ಮುಗಿಸಿದಳು. ನೋವು ಬಂದಾಗ ಕೂತಳು, ಹೋದಾಗ ಎದ್ದಳು. ಔಷಧಿ ಹತ್ತಿದೆ ಎಂದು ನಾವಿಬ್ಬರೂ ನಂಬಿದೆವು. ನಡುನಡುವೆ ಬಲಗೈಯಿಂದ ಎಡಗೈ ಒತ್ತಿಕೊಳ್ಳುತ್ತಿದ್ದಳು. ನಾನು ಎದುರಿಗೇ ಕೂತು ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದೆ.

ಮರುದಿನ ನಸುಕಿನಲ್ಲಿ ನೋವು ಬಂದದ್ದು ಹೋಗಲಿಲ್ಲ. ಆದರೂ ಅವಳು ಒಲೆಯ ಮುಂದೆ ಕೂತಳು. ಬೆಳಕಾಗಿ ಹಾಲಿನವನು ಬಂದುಹೋದ ಮೇಲೆ ನಾನು ರೊಟ್ಟಿ ಕಟ್ಟಲು ಹಾಳೆ ತರಲು ಒಳಗೆ ಹೋಗಿದ್ದೆ. ಬಡಿಯುವ ಸಪ್ಪಳ ನಿಂತಿತು. ಬಂದು ನೋಡಿದರೆ ಅಕ್ಕ ಹಿಟ್ಟು ನಾದುವ ಪರಾತದ ಪಕ್ಕ ಮಗ್ಗುಲಾಗಿ ಬಿದ್ದಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆ, ಹಣೆ, ರವಕೆಯ ಬೆನ್ನು ನೀರು ಸುರಿದ ಹಾಗೆ ಒದ್ದೆ. ಕಣ್ಣು ತೆರೆದಿದ್ದವು. 'ಒಲಿ ಸಣ್ಣ ಮಾಡು,' ಅಂದಳು.

ನನ್ನ ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಎದುರು ಮನೆಯವರು ಆಟೋ ನಿಲ್ಲಿಸಿದರು. ದೊಡ್ಡ ಆಸ್ಪತ್ರೆಗೆ ಹೋಗುವ ತನಕ ಅಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟು ಒಂದು ಮಾತೂ ಆಡಲಿಲ್ಲ. ನನಗೆ ಅಕ್ಕ ಸುಮ್ಮನಿರುವುದು ಎಂದರೆ ಏನು ಎಂದೇ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಗಾಲಿ ಮಂಚಕ್ಕೆ ಹಾಕಿದ ಕೂಡಲೇ ಎದೆಗೆ, ಕೈಕಾಲಿಗೆ ತಂತಿ ಅಂಟಿಸಿದರು. ಮಷೀನಿನಿಂದ ಗೆರೆ ಗೆರೆಯ ಉದ್ದ ಕಾಗದ ಬಂತು. ಅದನ್ನು ಹರಿದು ನೋಡಿದ ಡಾಕ್ಟರು ಇನ್ನೊಬ್ಬರನ್ನು ಕೂಗಿದರು. ಅಕ್ಕನ ಬಾಯಿಗೆ ಗುಳಿಗೆ ಹಾಕಿ ಅಗಿಯಲು ಹೇಳಿದರು. ಹಾರ್ಟ್ ಅಟ್ಯಾಕ್ ಎಂಬ ಶಬ್ದ ನನಗೆ ತಿಳಿಯಿತು. ಅದಕ್ಕೆ ಮರಾಠಿಯೂ ಬೇಕಿರಲಿಲ್ಲ, ಕನ್ನಡವೂ ಬೇಕಿರಲಿಲ್ಲ. ಹಾರ್ಟ್ ಅಟ್ಯಾಕ್ ದಪ್ಪ ಗಂಡಸರಿಗೆ ಬರುವುದು, ಎದೆ ಹಿಡಿದು ಒಮ್ಮೆಗೇ ಕುಸಿಯುವುದು ಎಂದು ನಾನು ತಿಳಿದಿದ್ದೆ. ಎರಡು ದಿನ ರೊಟ್ಟಿ ಬಡಿಯುತ್ತಿರುವಾಗಲೇ ಬರುವ ಹಾರ್ಟ್ ಅಟ್ಯಾಕ್ ಇದೆ ಎಂದು ಗೊತ್ತಿರಲಿಲ್ಲ.

'ನೋವು ಯಾವಾಗ ಶುರುವಾಯಿತು? ಸರಿಯಾಗಿ ಹೇಳಿ, ಸಮಯ ಮುಖ್ಯ,' ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು.

ನಾನು ಅಕ್ಕನ ಕಿವಿಯ ಹತ್ತಿರ ಬಾಗಿದೆ. 'ಯಾವಾಗಿಂದ ಅಂತ ಕೇಳ್ಲಿಕತ್ತಾರ.'

'ನಿನ್ನಿ ಮುಂಜಾನಿಂದ ಅದ ಅಲಾ. ನಿನಗ ಗೊತ್ತಿಲ್ಲೇನು?'

ನಾನು ತಲೆ ಎತ್ತಿದೆ. ನಿನ್ನೆ ಅಂದರೆ ಅವರ ಮುಂದಿನ ಪ್ರಶ್ನೆ ಏನೆಂದು ನನಗೆ ಕಂಡಿತು. ನಿನ್ನೆಯಿಂದ ಏನು ಮಾಡುತ್ತಿದ್ದಿರಿ? ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ರೊಟ್ಟಿ.

'ಆಜ ಸಕಾಳೀ,' ಅಂದೆ. ಇವತ್ತು ಮುಂಜಾನೆ.

ಅಕ್ಕ ಸಾಯುತ್ತಿರಬಹುದು ಎಂದು ಗೊತ್ತಿತ್ತು. ಸಮಯ ಮುಖ್ಯ ಎಂದು ಅವರು ಹೇಳಿದ್ದನ್ನು ಕೇಳಿದ್ದೆ. ಆದರೂ ಸುಳ್ಳು ಹೇಳಿದೆ, ಅದೂ ಎಷ್ಟು ಸಲೀಸಾಗಿ.

ಡಾಕ್ಟರು ಕಾಗದದ ಗೆರೆಗಳನ್ನು ಮತ್ತೊಮ್ಮೆ ನೋಡಿ ಹುಬ್ಬು ಗಂಟು ಮಾಡಿದರು. ಆಗ ಅಕ್ಕನ ತೋಳಿಗೆ ಸೂಜಿ ಚುಚ್ಚುತ್ತಿದ್ದ ಸಣ್ಣ ವಯಸ್ಸಿನ ನರ್ಸು ನನ್ನ ಕಡೆ ತಿರುಗಿದಳು.

'ಆಂಟಿ, ಅವ್ರು ನಿನ್ನೆ ಅಂದ್ರಲ್ವಾ?'

ಕನ್ನಡ. ಬೆಂಗಳೂರು ಕಡೆಯ ಕನ್ನಡ. ಮಂದಿಯ ನಡುವೆ ನಿಂತು ನಾವಿಬ್ಬರು ಏನು ಮಾತಾಡಿದರೂ ಅದು ನಮ್ಮೊಳಗೇ ಉಳಿಯುತ್ತದೆ ಎಂದು ಇಷ್ಟು ವರ್ಷ ಬದುಕಿದ್ದೆವು. ನನ್ನ ಮೈಮೇಲಿನ ಬಟ್ಟೆಯನ್ನು ಯಾರೋ ಎಳೆದ ಹಾಗಾಯಿತು.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಅಕ್ಕನ ಮೇಲೆ ಬಾಗಿದಳು. 'ಅಮ್ಮ, ನೋವು ನಿನ್ನೆಯಿಂದ ಒಂದೇ ಸಮ ಇದ್ಯಾ, ಬಂದು ಹೋಗಿ ಮಾಡ್ತಿತ್ತಾ?'

'ನಿನ್ನಿ ಬಂತು, ಹ್ವಾತು, ಮತ್ತ ಬಂತು. ಇವತ್ತು ನಸಕಿನಾಗಿಂದ ಬಿಟ್ಟೇ ಇಲ್ಲವ್ವ. ಎದಿ ಮ್ಯಾಲ ಕಲ್ಲು. ಎಡಗೈ ಜಗ್ಗತದ, ದವಡಿ ಹಿಡದದ.'

ನರ್ಸು ಅದನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿದಳು. ಹೇಳುವಾಗ ಅವಳ ಕೈ ತನ್ನ ಎದೆಯಿಂದ ಎಡಗೈಗೆ ಹೋಯಿತು, ಅಲ್ಲಿಂದ ದವಡೆಗೆ ಹೋಯಿತು. ನನಗೆ ಇಂಗ್ಲಿಷು ಬಾರದು. ಆದರೂ ಒಂದು ಮಾತನ್ನೂ ಅವಳು ಬಿಟ್ಟಿಲ್ಲ ಎಂದು ತಿಳಿಯಿತು. ಅಷ್ಟೇ ಹೊತ್ತು ಬೇಕಾಗಿತ್ತು ಅದಕ್ಕೆ. ಗುರುವಾರ ನನ್ನ ಹತ್ತಿರ ಅಷ್ಟು ಹೊತ್ತು ಇತ್ತು.

ನಸುಕಿನಿಂದ ನೋವು ನಿಂತಿಲ್ಲ ಅಂದರೆ ಹೃದಯದ ರಕ್ತನಾಳ ಮುಚ್ಚಿಕೊಂಡೇ ಇದೆ, ತಡಮಾಡದೆ ತೆರೆಯಬೇಕು ಎಂದು ಡಾಕ್ಟರು ಅಂದರು. ಕಾಗದದ ಮೇಲೆ ನನ್ನ ಸಹಿ ಹಾಕಿಸಿಕೊಂಡರು. ಅಕ್ಕನನ್ನು ತಳ್ಳಿಕೊಂಡು ಹೋಗುವಾಗ ಅವಳು ನನ್ನನ್ನು ಹುಡುಕಲಿಲ್ಲ. ಕನ್ನಡ ಬಲ್ಲ ಆ ಹುಡುಗಿಯ ಬೆರಳು ಹಿಡಿದುಕೊಂಡಿದ್ದಳು.

ಹೊರಗಿನ ಬೆಂಚಿನಲ್ಲಿ ಕೂತೆ. ಮುಂಗೈಗೆ ಹಿಟ್ಟು ಒಣಗಿ ಹಿಡಿದಿತ್ತು. ಅದನ್ನು ಉಜ್ಜುತ್ತ ಕೂತವಳಿಗೆ ಅಕ್ಕ ರೊಟ್ಟಿ ಬಡಿಯುವುದು ಕಣ್ಣಿಗೆ ಕಟ್ಟಿತು. ಎಡಗೈಯ ಬೆರಳು ಅಂಚಿಗೆ ಇಟ್ಟು ಮೆಲ್ಲಗೆ ತಿರುಗಿಸುತ್ತಾಳೆ. ಬಡಿಯುವುದೆಲ್ಲ ಬಲಗೈ. ಹನ್ನೊಂದು ವರ್ಷ ದಿನವೂ ನೋಡಿದ್ದೇನೆ. ದುಡಿದು ನೋಯುವುದಾದರೆ ಬಲಗೈ ನೋಯಬೇಕಿತ್ತು. ಅವಳು ಎಡಗೈ ಎಂದು ಎರಡು ಸಲ ಹೇಳಿದ್ದಳು. ಬೆಂಚಿನ ಮೇಲೆ ಕೂತಲ್ಲೇ ಬಲಗೈಯನ್ನು ಎತ್ತಿ ಗಾಳಿಯಲ್ಲಿ ಬಡಿದು ನೋಡಿದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನನ್ನು ನೋಡಿ ಸ್ವಲ್ಪ ಸರಿದು ಕೂತರು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಬದುಕಿದ್ದಾರೆ ಎಂದರು. ಮಣಿಕಟ್ಟಿನ ನಾಳದಿಂದ ಸಣ್ಣ ತಂತಿ ಹೃದಯದ ತನಕ ಒಯ್ದು, ಮುಚ್ಚಿದ್ದನ್ನು ತೆರೆದು, ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಇಟ್ಟಿದ್ದರಂತೆ. ಆದರೆ ಹೃದಯದ ಒಂದು ಭಾಗ ಆಗಲೇ ಸತ್ತಿದೆ, ಅದು ಮರಳಿ ಬರುವುದಿಲ್ಲ ಎಂದರು. 'ಕಾಲ ಆಲಾ ಅಸತಾ ತರ,' ಅಂದರು. ನಿನ್ನೆ ಬಂದಿದ್ದರೆ. ಮುಂದಕ್ಕೆ ಹೇಳದೆ ನನ್ನ ಮುಖ ನೋಡಿ ಬಿಟ್ಟುಬಿಟ್ಟರು. ನಾವು ನಿನ್ನೆಯೇ ಒಬ್ಬ ಡಾಕ್ಟರ ಮುಂದೆ ಕೂತಿದ್ದೆವು ಎಂದು ಅವರಿಗೆ ಹೇಳಲಿಲ್ಲ.

ಹೃದಯದ ಭಾಗ ಸಾಯುವುದು ಎಂದರೆ ಏನೆಂದು ನರ್ಸನ್ನು ಕೇಳಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ, ಬಿಡಿಸಿ ಹೇಳಿದಳು.

'ಹಾರ್ಟು ಮೈಗೆಲ್ಲ ರಕ್ತ ಕಳ್ಸುತ್ತೆ ಅಲ್ವಾ ಆಂಟಿ. ಆದ್ರೆ ಅದು ಕೆಲಸ ಮಾಡ್ಬೇಕಂದ್ರೆ ಅದಕ್ಕೂ ರಕ್ತ ಬೇಕು. ಅದಕ್ಕೆ ಬೇರೆ ಸಣ್ಣ ನಾಳ ಇದೆ. ಅದು ಬ್ಲಾಕ್ ಆದ್ರೆ ಅಲ್ಲಿ ಮಾಂಸ ಸ್ವಲ್ಪ ಸ್ವಲ್ಪವಾಗಿ ಸಾಯ್ತಾ ಹೋಗುತ್ತೆ. ಎಷ್ಟು ಬೇಗ ತೆಗೆದ್ರೆ ಅಷ್ಟು ಉಳಿಯುತ್ತೆ.'

'ಹೃದಯದ ತುಂಬ ರಕ್ತನ ಇರತದಲ್ರೀ?'

'ಇರುತ್ತೆ. ಅದ್ರೊಳಗಿರೋದು ಅದಕ್ಕೆ ದಕ್ಕಲ್ಲ.'

ಆಮೇಲೆ ಅವಳೇ ಕೇಳಿದಳು. 'ಯಾಕಾಂಟಿ ಹಂಗಂದ್ರಿ?'

'ಹೆದರಿಕಿ ಆತ್ರಿ,' ಅಂದೆ. ಯಾವುದರ ಹೆದರಿಕೆ ಎಂದು ಅವಳು ಕೇಳಲಿಲ್ಲ.

ಅಕ್ಕ ಮನೆಗೆ ಬಂದಳು. ಮೊದಲಿನ ಅಕ್ಕ ಅಲ್ಲ. ಆರು ಮೆಟ್ಟಿಲಿಗೆ ಒಮ್ಮೆ ನಿಲ್ಲುತ್ತಾಳೆ, ಸಂಜೆ ಪಾದ ಊದುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ, ತಪ್ಪಿಸಿದರೆ ಸ್ಟೆಂಟೇ ಮುಚ್ಚೀತು ಎಂದಿದ್ದಾರೆ. ರೊಟ್ಟಿ ನಿಂತಿತು. ಫೋನು ಬಂದರೆ ಇಲ್ಲ ಅನ್ನುತ್ತಿದ್ದೆ.

ಆದರೆ ಮನೆಯಲ್ಲಿ ಬೇರೆಯೇ ಒಂದು ಮಾತು ಬೆಳೆಯತೊಡಗಿತ್ತು. ನೋಡಲು ಬಂದವರಿಗೆಲ್ಲ ಅಕ್ಕ ಓಣಿಯ ಡಾಕ್ಟರನ್ನು ಬೈದು ಹೇಳುತ್ತಿದ್ದಳು. 'ಎದಿ ಕೈ ದವಡಿ ಎಲ್ಲಾ ಹೇಳೀನ್ರಿ, ಬಿಡಿಸಿ ಹೇಳೀನಿ. ಆ ಮನಶ್ಯಾ ಕೆಮ್ಮಿನ ಔಷಧಿ ಕೊಟ್ಟಾನ. ಅವನ ಕೈ ಸೇದಿ ಹೋಗ್ಲಿ.' ಬಂದವರು ಹೌದು ಹೌದು ಅನ್ನುತ್ತಿದ್ದರು. ನಮ್ಮ ಓಣಿಯ ಒಂದೆರಡು ಮನೆಯವರು ಆ ದವಾಖಾನೆಗೆ ಹೋಗುವುದನ್ನೂ ಬಿಟ್ಟರು. ಒಂದು ರವಿವಾರ ನನ್ನ ಗಂಡ, 'ನಾಕು ಮಂದಿ ಕರ್ಕೊಂಡು ಹೋಗಿ ಕೇಳ್ತೀನಿ ಅವನ್ನ,' ಎಂದು ಚಪ್ಪಲಿ ಮೆಟ್ಟಿಕೊಂಡರು.

'ಹೋಗಬ್ಯಾಡ್ರಿ,' ಅಂದೆ.

'ಯಾಕ?'

'ಅವ್ರ ತಪ್ಪಿಲ್ಲ.'

ಅವರು ನನ್ನನ್ನು ನೋಡಿದರು. ಅಕ್ಕ ಮಂಚದ ಮೇಲಿಂದ ನೋಡಿದಳು. ಗಂಡನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಅಕ್ಕನ ಕಾಲ ಹತ್ತಿರ ಕೂತು ಹೇಳಿದೆ. ಎದೆ ತುಂಬಿದ್ದು ಕಫವಾಗಿ ಹೋದದ್ದು ಹೇಗೆಂದು ಹೇಳಿದೆ. ಕೈಯ ಮಾತು ಹೇಳಿದೆ. ಆಸ್ಪತ್ರೆಯಲ್ಲಿ ನಿನ್ನೆಯನ್ನು ಇವತ್ತು ಮಾಡಿದ್ದನ್ನೂ ಹೇಳಿದೆ. ಅಷ್ಟರಲ್ಲಿ ಅಳು ಬರಬೇಕಿತ್ತು, ಬರಲಿಲ್ಲ.

'ಶಬ್ದ ತಪ್ಪಿದ್ದು ತಪ್ಪಿತು,' ಅಂದಳು ಅಕ್ಕ. 'ಕೈದು ಬೇಕಂತನ ಬಿಟ್ಟೇನು?'

'ಹ್ಞೂಂ.'

'ಆರ್ಡರ್ ಸಲುವಾಗಿ?'

'ಹ್ಞೂಂ.'

'ಹೇಳೀನಿ ಅಂದ್ಯಲ್ಲ ಹೊರಗ ಬಂದು.'

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಊರಿನಲ್ಲಿದ್ದಾಗ ಸಣ್ಣ ತಪ್ಪಿಗೂ ನನ್ನ ಜಡೆ ಹಿಡಿದು ಜಗ್ಗುತ್ತಿದ್ದಳು. ಈಗ ಅವಳು ನನ್ನನ್ನೇ ನೋಡುತ್ತ ಕೂತಿದ್ದಳು, ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸಬರ ಮನೆಗೆ ಹೋದವರು ಸುತ್ತ ನೋಡುವ ಹಾಗೆ ನೋಡುತ್ತಿದ್ದಳು.

'ಹನ್ನೊಂದು ವರ್ಷ ಆತು ನಾ ಇಲ್ಲಿಗೆ ಬಂದು,' ಅಂದಳು. 'ಮಂದಿಗೆ ನಾ ಅಂದದ್ದು, ಮಂದಿ ನನಗ ಅಂದದ್ದು, ಎಲ್ಲಾ ನಿನ್ನ ಬಾಯಾಗ ಹಾದು ಹೋಗ್ಯದ. ಅದರಾಗ ಮತ್ತ ಏನೇನು ಬಿಟ್ಟಿ?'

ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಎರಡು ದಿನದ ತಪ್ಪನ್ನು ಒಪ್ಪಿಕೊಳ್ಳಲು ಕೂತವಳಿಗೆ ಇಡೀ ಹನ್ನೊಂದು ವರ್ಷ ಎದುರಿಗೆ ಬಂದು ನಿಂತಿತು.

'ಸುಮ್ನ ಕೂಡಬ್ಯಾಡ. ಹೇಳು. ನನ್ನ ಎದಿ ಇನ್ನ ಅಷ್ಟು ತಡೀತದ.'

ಆಗ ಹೇಳಿದೆ. ನಾಲ್ಕು ವರ್ಷದ ಹಿಂದೆ ಯೆರವಡಾದಿಂದ ಒಬ್ಬ ಮರಾಠಿ ಹೆಂಗಸು ನಮ್ಮ ಮನೆಗೆ ಬಂದಿದ್ದರು. ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಊಟ ಹಾಕುವ ದೊಡ್ಡ ಅಡುಗೆಮನೆ ಅವರದು. ಅಕ್ಕನ ರೊಟ್ಟಿ ತಿಂದು ಹುಡುಕಿಕೊಂಡು ಬಂದಿದ್ದರು. ಇವರನ್ನು ನನ್ನ ಹತ್ತಿರ ಕಳಿಸಿ, ಇರಲು ಇವರದೇ ಒಂದು ಖೋಲಿ ಕೊಡುತ್ತೇನೆ, ಬಡಿಯುವುದಕ್ಕೆ ಬೇರೆ ಹೆಂಗಸರಿದ್ದಾರೆ, ಇವರು ಕೂತು ಕಲಿಸಿಕೊಟ್ಟರೆ ಸಾಕು ಎಂದಿದ್ದರು. ಅಕ್ಕ ಕೈಯಲ್ಲಿ ಹಿಟ್ಟು ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಏನಂತ ಎಂದು ಕೇಳಿದಳು. ಅವಳು ಹೋಗಿಬಿಡುತ್ತಾಳೆ ಎಂದು ನನಗೆ ದಿಗಿಲಾಗಿತ್ತು. ರೊಟ್ಟಿ ಇನ್ನೂ ತೆಳ್ಳಗೆ ಬೇಕಂತೆ ಎಂದು ಹೇಳಿ, ಆ ಹೆಂಗಸಿಗೆ ಅಕ್ಕ ಒಲ್ಲೆ ಅಂದಳು ಎಂದು ಹೇಳಿ ಕಳಿಸಿದ್ದೆ. ಮರುದಿನದಿಂದ ಅಕ್ಕ ಒಂದೊಂದು ರೊಟ್ಟಿಗೂ ಮೊದಲಿಗಿಂತ ಅರ್ಧದಷ್ಟು ಹೆಚ್ಚು ಹೊತ್ತು ಬಡಿಯತೊಡಗಿದಳು, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ. ನಾಲ್ಕು ವರ್ಷ ಹಾಗೇ ಬಡಿದಳು.

ಅಕ್ಕ ಎಲ್ಲವನ್ನೂ ಕೇಳಿದಳು. ಖೋಲಿಯ ಬಗ್ಗೆ ಕೇಳಲಿಲ್ಲ, ಆ ಹೆಂಗಸು ಯಾರು ಎಂದೂ ಕೇಳಲಿಲ್ಲ. ತನ್ನ ಬಲಗೈಯನ್ನು ಹೊದಿಕೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡಳು.

'ಹಂಗಾರ ಆಕಿ ತೆಳ್ಳಗ ಬೇಕು ಅಂದಿದ್ದಿಲ್ಲೇನು?' ಅಂದಳು.

'ಇಲ್ಲಕ್ಕ,' ಅಂದೆ. 'ಯಾರೂ ಅಂದಿದ್ದಿಲ್ಲ.'